2004ರಲ್ಲಿ ಬಂದ ಹಾಡಿಗೆ 1970ರ ನಾದ ಎಲ್ಲಿಂದ ಬಂತು?

[ತೆರೆ ಕಪ್ಪು. ಹಲಗೆ ವಾದ್ಯದ ಮೇಲೆ ಕೋಲು ಬೀಳುವ ಸದ್ದು ಮೂರು ಸಲ. ನಂತರ ಬೆಳಕು.]

ನಮಸ್ಕಾರ. ಹೋದ ತಿಂಗಳು ನಿಮಗೆ ಒಂದು ಹಾಡು ಕೊಟ್ಟು ಒಂದೇ ಪ್ರಶ್ನೆ ಕೇಳಿದ್ದೆ. ಎಲ್ಲಿಯೂ ಹುಡುಕಬೇಡಿ, ಕಿವಿಯನ್ನೇ ನಂಬಿ, ಇದು ಯಾವ ವರ್ಷದ ಧ್ವನಿಮುದ್ರಣ ಎಂದು ಹೇಳಿ. 1968 ಎಂದಿರಿ, 1970 ಎಂದಿರಿ, 1972 ಎಂದಿರಿ. "ನಮ್ಮ ಅಪ್ಪ ಕಾಲೇಜಿಗೆ ಹೋಗುತ್ತಿದ್ದ ಕಾಲದ್ದು" ಎಂದು ಒಬ್ಬರು ಬರೆದಿದ್ದರು.

ಉತ್ತರ 2004. ಆರ್ಕುಟ್ ಶುರುವಾದ ವರ್ಷ.

ನಾನೂ ಮೊದಲ ಸಲ ಕೇಳಿದಾಗ ಹಳೆಯದೆಂದೇ ತಿಳಿದಿದ್ದೆ. ನಿಜ ಗೊತ್ತಾದ ಮೇಲೆ ಒಂದೇ ಪ್ರಶ್ನೆ ಬೆನ್ನು ಹತ್ತಿತು: ಹುಟ್ಟುವಾಗಲೇ ಮೂವತ್ತೈದು ವರ್ಷ ಹಳೆಯದಾಗಿರುವ ನಾದವನ್ನು ಒಬ್ಬ ಮನುಷ್ಯ ಹೇಗೆ ತಯಾರಿಸುತ್ತಾನೆ?

[ಶೀರ್ಷಿಕೆ]

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಆ ಹಾಡು ಇರುವ ಆಲ್ಬಮ್‌ನ ಹೆಸರು 'ತಾ ದೆ ಲುಂಗ್ತ್'. ಸ್ವೀಡಿಷ್ ಭಾಷೆಯಲ್ಲಿ 'ಸಮಾಧಾನ, ಸಮಾಧಾನ' ಎಂಬಂಥ ಮಾತು. ತಂಡದ ಹೆಸರು ದುಂಗೆನ್, ಅಂದರೆ ತೋಪು. ಹೊರತಂದದ್ದು ಸ್ವೀಡನ್ನಿನ ಸಬ್ಲಿಮಿನಲ್ ಸೌಂಡ್ಸ್ ಎಂಬ ಸಣ್ಣ ಸಂಸ್ಥೆ. ಹದಿಮೂರು ಹಾಡುಗಳು. ಸಂಗೀತದ ಬಗೆ ಸೈಕಡೆಲಿಕ್ ಫೋಕ್ ರಾಕ್. ಹಾಗೆಂದರೆ ಏನು ಎಂದು ಕೇಳುವವರಿಗೆ: ಜನಪದದ ಮಟ್ಟು, ಎಲೆಕ್ಟ್ರಿಕ್ ಗಿಟಾರಿನ ಗುಡುಗು, ಕೇಳುವವರಿಗೆ ಹೊತ್ತಿನ ಪರಿವೆ ತಪ್ಪಿಸುವ ಉದ್ದನೆಯ ವಾದನ, ಇವು ಒಂದೇ ಪಾತ್ರೆಯಲ್ಲಿ ಬೆಂದದ್ದು. ಇಷ್ಟು ಸಾಕು.

ತಂಡ ಎಂದೆ. ಆದರೆ ಈ ಆಲ್ಬಮ್‌ನ ಬಹುಪಾಲು ವಾದ್ಯಗಳನ್ನು ನುಡಿಸಿದ್ದು ಒಬ್ಬರೇ: ಗುಸ್ತಾವ್ ಎಯ್‌ಸ್ತೆಸ್. ಹಾಡಿದ್ದೂ ಅವರೇ, ಬರೆದದ್ದೂ ಅವರೇ. ದಕ್ಷಿಣ ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಬೆಳೆದವರು, ಅಲ್ಲಿನ ಜನಪದ ಪಿಟೀಲನ್ನು ಕಲಿತವರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಪಿಟೀಲು ಅಲ್ಲ. ಹದಿಹರೆಯದಲ್ಲಿ ಅವರಿಗೆ ಹಿಡಿದ ಹುಚ್ಚು ಹಿಪ್-ಹಾಪ್.

[ಮೇಜಿನ ಮೇಲೆ ಒಂದು ಕೌದಿಯನ್ನು ಬಿಚ್ಚಿ ಹರಡುತ್ತೇನೆ. ಕ್ಯಾಮೆರಾ ಮೇಲಿನಿಂದ, ಹತ್ತಿರಕ್ಕೆ.]

ಇದು ನಮ್ಮ ಅಜ್ಜಿ ಹೊಲಿದ ಕೌದಿ. ಗದಗದ ಕಡೆಯವರಿಗೆ ಪರಿಚಯ ಬೇಕಿಲ್ಲ. ಉಳಿದವರಿಗಾಗಿ: ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ತುಂಡು ಮಾಡಿ, ಪದರ ಪದರವಾಗಿ ಹಾಸಿ, ಕೈಯಿಂದ ಹೊಲಿದ ಹೊದಿಕೆ. ಇಲ್ಲಿ ನೋಡಿ, ಈ ಕೆಂಪು ತುಂಡು ಇಳಕಲ್ ಸೀರೆಯ ಸೆರಗು. ಇದು ಯಾರದೋ ಖಣದ ಕುಪ್ಪಸದ ತೋಳು. ಈ ನೀಲಿ ಪಟ್ಟೆ ನಮ್ಮ ಅಜ್ಜನ ಅಂಗಿ.

ಹಿಪ್-ಹಾಪ್‌ನಲ್ಲಿ ಸ್ಯಾಂಪ್ಲಿಂಗ್ ಎಂದು ಕರೆಯುವ ಕೆಲಸ ಇದೇ. ಹಳೆಯ ರೆಕಾರ್ಡಿನಿಂದ ಎರಡು ಸೆಕೆಂಡಿನ ಡ್ರಮ್ ಪೆಟ್ಟನ್ನು ಕತ್ತರಿಸುತ್ತಾರೆ, ಇನ್ನೊಂದರಿಂದ ಕೊಳಲಿನ ಒಂದು ತುಣುಕು, ಮತ್ತೊಂದರಿಂದ ಬೇಸ್ ಗಿಟಾರಿನ ನಾಲ್ಕು ಸ್ವರ. ಎಲ್ಲವನ್ನೂ ಸೇರಿಸಿ ಹೊಲಿಯುತ್ತಾರೆ. ಅಂಥ ತುಂಡುಗಳನ್ನು ಹುಡುಕುತ್ತಲೇ ಎಯ್‌ಸ್ತೆಸ್ 60ರ ದಶಕದ ರೆಕಾರ್ಡುಗಳ ಕಡೆಗೆ ಬಂದರು.

ಈಗ ಅಜ್ಜಿಯ ಕೈ ನೆನಪಿಸಿಕೊಳ್ಳಿ. ಕೌದಿಗೆ ಬಟ್ಟೆ ಆರಿಸುವಾಗ ಅವರು ಬಣ್ಣ ನೋಡುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಬಟ್ಟೆಯನ್ನು ಹಿಡಿದು ಮೆಲ್ಲಗೆ ಉಜ್ಜುತ್ತಿದ್ದರು. ಸೀರೆ ಮೊದಲು ಸವೆಯುವುದು ಎಲ್ಲಿ, ಮೆತ್ತಗಾಗಿಯೂ ಗಟ್ಟಿ ಉಳಿಯುವುದು ಎಲ್ಲಿ, ಯಾವ ನೂಲು ಇನ್ನು ಹತ್ತು ಮಳೆಗಾಲ ತಡೆಯುತ್ತದೆ, ಯಾವುದು ಮೊದಲ ಒಗೆತಕ್ಕೇ ಹರಿಯುತ್ತದೆ, ಎಲ್ಲವೂ ಬೆರಳಿಗೆ ಗೊತ್ತು. ಸೀರೆ ಉಡುವವರಿಗೆ ಗೊತ್ತಿರದ ಸೀರೆಯ ಗುಟ್ಟು ಅದನ್ನು ಕತ್ತರಿಸುವವರಿಗೆ ಗೊತ್ತಿರುತ್ತದೆ.

ಸ್ಯಾಂಪಲ್ ಹುಡುಕುವವರ ಕಿವಿಯೂ ಹಾಗೆಯೇ. ನಾವು ಹಾಡು ಕೇಳುತ್ತೇವೆ. ಅವರು ಡ್ರಮ್ಮಿನ ಚರ್ಮ ಬಿಗಿಯಾಗಿತ್ತೋ ಸಡಿಲವಾಗಿತ್ತೋ, ಮೈಕ್ ಎಷ್ಟು ದೂರ ಇತ್ತು, ಕೋಣೆ ಚಿಕ್ಕದೋ ದೊಡ್ಡದೋ ಎಂಬುದನ್ನು ಕೇಳುತ್ತಾರೆ. ಎರಡು ಸೆಕೆಂಡನ್ನು ಇನ್ನೂರು ಸಲ ತಿರುಗಿಸಿ ಕೇಳಿದರೆ ಅದರ ಒಂದೊಂದು ಎಳೆಯೂ ಕಿವಿಯಲ್ಲಿ ಕೂರುತ್ತದೆ.

ಹೀಗೆ ಕೌದಿ ಹೊಲಿಯುತ್ತಿದ್ದ ಒಬ್ಬರು ಒಂದು ದಿನ ಕತ್ತರಿಯನ್ನು ಬದಿಗಿಟ್ಟು ಮಗ್ಗದ ಮುಂದೆ ಕುಳಿತರು ಎಂದುಕೊಳ್ಳಿ. ಇನ್ನು ಮುಂದೆ ತುಂಡು ಬೇಡ, ಬಟ್ಟೆಯನ್ನೇ ನೇಯುತ್ತೇನೆ. ಆದರೆ ಅವರ ಬೆರಳಿಗೆ ಗೊತ್ತಿರುವುದು ಇಪ್ಪತ್ತು ವರ್ಷ ಒಗೆದ ಬಟ್ಟೆಯ ಮೆದುತನ. ಹಾಗಾಗಿ ಅವರು ನೇಯ್ದ ಹೊಸ ಬಟ್ಟೆ ಮಗ್ಗದಿಂದ ಇಳಿಯುವಾಗಲೇ ಹಳೆಯ ಸೀರೆಯಷ್ಟು ಮೆತ್ತಗಿರುತ್ತದೆ. 'ತಾ ದೆ ಲುಂಗ್ತ್' ನನಗೆ ಕೇಳಿಸುವುದು ಹಾಗೆ. ಸ್ಯಾಂಪಲ್ ಹುಡುಕುತ್ತಿದ್ದ ಹುಡುಗ ಆ ಡ್ರಮ್ಮನ್ನು ತಾನೇ ಬಾರಿಸಲು ಕಲಿತ, ಆ ಬೇಸ್ ಗಿಟಾರನ್ನು ತಾನೇ ನುಡಿಸಲು ಕಲಿತ. ಈ ತಿರುವಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಆಲ್ಬಮ್‌ನ ಮೊದಲ ಹಾಡು 'ಪಾಂಡಾ' ಶುರುವಾಗುವುದೇ ಡ್ರಮ್ಮಿನ ಒಂದು ಉರುಳಿನಿಂದ. ಪೀಠಿಕೆ ಇಲ್ಲ, ಬಾಗಿಲು ತಟ್ಟುವುದಿಲ್ಲ, ನೇರ ಒಳಗೆ. ಆ ಮೊದಲ ಕ್ಷಣಗಳನ್ನು ಕೇಳಿದ ಯಾವ ಸ್ಯಾಂಪ್ಲಿಂಗ್‌ಗಾರನಿಗೂ ಕತ್ತರಿಸಿ ಇಟ್ಟುಕೊಳ್ಳಬೇಕು ಎನಿಸುತ್ತದೆ. ಹಕ್ಕುಸ್ವಾಮ್ಯದ ಕಾರಣದಿಂದ ಇಲ್ಲಿ ನುಡಿಸುತ್ತಿಲ್ಲ. ವಿಡಿಯೋ ಮುಗಿದ ಮೇಲೆ ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ.

[ಮೇಜಿನ ಮೇಲೆ ಹಲಗೆ, ಒಂದು ಮೈಕ್, ಲ್ಯಾಪ್‌ಟಾಪ್, ಸೂಜಿಮುಳ್ಳಿನ ಮೀಟರ್ ಇರುವ ಕ್ಯಾಸೆಟ್ ಡೆಕ್.]

ಸರಿ, ಹಳೆಯ ಬಟ್ಟೆಯ ಮೆದುತನ ಎಂದೆನಲ್ಲ, ಸದ್ದಿನಲ್ಲಿ ಅದು ಏನು? ಇದನ್ನು ಕಣ್ಣಾರೆ ತೋರಿಸುತ್ತೇನೆ. ಈ ಡೆಕ್ ಸೋದರಮಾವನ ಮನೆಯಿಂದ ತಂದದ್ದು. ಮೈಕ್ ಒಂದೇ, ದಾರಿ ಎರಡು: ಒಂದು ತಂತಿ ಲ್ಯಾಪ್‌ಟಾಪಿಗೆ, ಇನ್ನೊಂದು ಕ್ಯಾಸೆಟ್ಟಿಗೆ. ಎರಡರಲ್ಲೂ ಸದ್ದಿನ ಮಟ್ಟವನ್ನು ಬೇಕೆಂದೇ ಹೆಚ್ಚಿಸಿದ್ದೇನೆ. ಮೀಟರಿನ ಮುಳ್ಳು ನೋಡಿ.

[ಹಲಗೆಗೆ ಒಂದು ಪೆಟ್ಟು. ಮುಳ್ಳು ಕೆಂಪು ಗೆರೆಯನ್ನು ದಾಟಿ ಹಿಂದಿರುಗುತ್ತದೆ.]

ಈಗ ಎರಡೂ ಮುದ್ರಣಗಳ ಸದ್ದಿನ ಅಲೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಎಡಗಡೆ ಲ್ಯಾಪ್‌ಟಾಪಿನದು. ಅಲೆಯ ನೆತ್ತಿ ಕುಡುಗೋಲಿನಿಂದ ಕೊಯ್ದ ಹಾಗೆ ಸಪಾಟಾಗಿದೆ. ಬಲಗಡೆ ಟೇಪಿನದು. ನೆತ್ತಿ ತಗ್ಗಿದೆ, ಆದರೆ ಹೊಳೆಯ ಕಲ್ಲಿನ ಹಾಗೆ ದುಂಡಗಿದೆ.

ಕಾರಣ ಸರಳ. ಡಿಜಿಟಲ್ ಮುದ್ರಣ ಎಂದರೆ ಸಿನಿಮಾ ಮಂದಿರದ ಟಿಕೆಟ್ ಕಿಟಕಿ. ಕೊನೆಯ ಆಸನದವರೆಗೆ ಎಲ್ಲರಿಗೂ ಜಾಗವಿದೆ, ಅದಾದ ಮೇಲೆ ಕಿಟಕಿ ಮುಚ್ಚುತ್ತದೆ, ಅಷ್ಟೇ. ಟೇಪು ಎಂದರೆ ಹಬ್ಬದ ದಿನದ ಬಸ್ಸು. ಟೇಪಿನ ಮೇಲೆ ಸವರಿರುವುದು ಐರನ್ ಆಕ್ಸೈಡಿನ ಸಣ್ಣ ಕಣಗಳು. ಸದ್ದು ಬಂದಂತೆ ಅವು ಒಂದೇ ದಿಕ್ಕಿಗೆ ಕಾಂತೀಯವಾಗಿ ತಿರುಗುತ್ತವೆ. ಮೊದಮೊದಲು ಸುಲಭವಾಗಿ ತಿರುಗುತ್ತವೆ. ಹೆಚ್ಚಿನವು ತಿರುಗಿಯಾದ ಮೇಲೆ ಉಳಿದವನ್ನು ತಿರುಗಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಬಸ್ಸು ತುಂಬಿದಂತೆ ಹತ್ತುವುದು ಕಷ್ಟವಾಗುತ್ತದೆ, ಆದರೂ ಸರಿದು, ಒತ್ತರಿಸಿ ಇನ್ನೊಬ್ಬರಿಗೆ ಜಾಗ ಆಗುತ್ತದಲ್ಲ, ಹಾಗೆ. ಅಲೆ ತುಂಡಾಗುವುದಿಲ್ಲ, ಬಾಗುತ್ತದೆ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಟೇಪು ಅಲೆಯನ್ನು ಹೀಗೆ ಬಾಗಿಸುವಾಗ ಮೂಲದಲ್ಲಿ ಇಲ್ಲದ ಸ್ವರವೊಂದು ತೆಳುವಾಗಿ ಸೇರಿಕೊಳ್ಳುತ್ತದೆ. ಮುಖ್ಯವಾಗಿ ಮೂರು ಪಟ್ಟು ಕಂಪನಾಂಕದ್ದು. ನೀವು ಷಡ್ಜವನ್ನು ಜೋರಾಗಿ ಕಳಿಸಿದರೆ ಟೇಪು ಅದಕ್ಕೆ ಮೇಲಿನ ಸ್ಥಾಯಿಯ ಪಂಚಮವನ್ನು ಬೆರೆಸಿ ಹಿಂದಿರುಗಿಸುತ್ತದೆ. ಷಡ್ಜಕ್ಕೆ ಪಂಚಮ! ಕಿವಿಗೆ ಅದು ತಪ್ಪೆಂದು ತೋರುವುದೇ ಇಲ್ಲ, ಮೈತುಂಬಿದ ನಾದ ಎಂದು ತೋರುತ್ತದೆ. ನೆತ್ತಿ ಕೊಯ್ದ ಡಿಜಿಟಲ್ ಅಲೆಯಲ್ಲೂ ಹೆಚ್ಚುವರಿ ಸ್ವರಗಳು ಹುಟ್ಟುತ್ತವೆ, ಆದರೆ ಮೇಲುಮೇಲಿನವು ಗುಂಪುಗುಂಪಾಗಿ ನುಗ್ಗುತ್ತವೆ. ಅದೇ ಕರ್ಕಶ.

ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸ್ಟುಡಿಯೋದ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ 38.1. ನಾನು ತೋರಿಸಿದ್ದು ಬಡವರ ಮನೆಯ ಪ್ರಯೋಗ, ತತ್ವ ಒಂದೇ.

ಇಂದು ಈ ಬಾಗುವಿಕೆಯನ್ನು ಅನುಕರಿಸುವ ಸಾಫ್ಟ್‌ವೇರ್ ಬೇಕಾದಷ್ಟಿದೆ. ಒಂದು ಗುಂಡಿ ತಿರುಗಿಸಿದರೆ ಹಳೆಯ ಬಣ್ಣ. ಆದರೂ ಆ ಗುಂಡಿ ತಿರುಗಿಸಿ ಮಾಡಿದ ನೂರಾರು ಹಾಡುಗಳು ಹಳೆಯವು ಎನಿಸುವುದಿಲ್ಲ, ಬಣ್ಣ ಬಳಿದವು ಎನಿಸುತ್ತವೆ. ಯಾಕೆಂದರೆ ಹಳೆಯ ನಾದ ಯಂತ್ರಕ್ಕೆ ಬರುವ ಮೊದಲೇ ಅರ್ಧ ತಯಾರಾಗಿರುತ್ತದೆ. 60ರ ದಶಕದಲ್ಲಿ ಇಡೀ ಡ್ರಮ್ ಸೆಟ್ಟಿಗೆ ಕೆಲವೇ ಮೈಕುಗಳು ಇರುತ್ತಿದ್ದವು. ಹಾಗಾಗಿ ತಾಳದ ತೂಕವನ್ನು ಬಾರಿಸುವವರೇ ಕೈಯಲ್ಲಿ ಸರಿದೂಗಿಸಬೇಕಿತ್ತು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಡ್ರಮ್ಮುಗಳ ಮೇಲೆ ಅಡುಗೆಮನೆಯ ಬಟ್ಟೆ ಹೊದಿಸಿ ಬಾರಿಸುತ್ತಿದ್ದರು, ಸದ್ದು ಮೊಟಕಾಗಲಿ ಎಂದು. ಇದು ಕೈಯ ವಿದ್ಯೆ, ಕಿವಿಯ ವಿದ್ಯೆ. ಕೊಂಡು ತರಲಾಗುವುದಿಲ್ಲ. ಎಯ್‌ಸ್ತೆಸ್ ಅದನ್ನು ತುಂಡು ತುಂಡಾಗಿ ಕೇಳಿ ಕಲಿತರು ಎಂಬುದೇ ನನ್ನ ವಾದ.

[ಸ್ವೀಡನ್ನಿನ ನಕ್ಷೆ]

ಅವರ ಬೆನ್ನಿಗೆ ಒಂದು ಪರಂಪರೆಯೂ ಇತ್ತು. 1964ರಲ್ಲಿ ಪಿಯಾನೋ ವಾದಕ ಯಾನ್ ಯೋಹಾನ್ಸನ್, ಬೇಸ್ ವಾದಕ ಗಿಯೋರ್ಗ್ ರೀಡೆಲ್ ಇಬ್ಬರೇ ಕುಳಿತು ಸ್ವೀಡನ್ನಿನ ಜನಪದ ಮಟ್ಟುಗಳನ್ನು ಜಾಝ್ ಆಗಿ ನುಡಿಸಿದರು. ಅಲ್ಲಿನ ಮನೆಮನೆಗೆ ತಲುಪಿದ ಆಲ್ಬಮ್ ಅದು. 1970ರಲ್ಲಿ ಬೋ ಹಾನ್ಸನ್ ಸ್ಟಾಕ್‌ಹೋಮ್ ಹತ್ತಿರದ ದ್ವೀಪವೊಂದರ ಮನೆಯಲ್ಲಿ ಕುಳಿತು 'ಲಾರ್ಡ್ ಆಫ್ ದ ರಿಂಗ್ಸ್' ಕಥೆಗೆ ಆರ್ಗನ್ನಿನಲ್ಲಿ ಸಂಗೀತ ಕಟ್ಟಿದರು. ಅದೇ ವರ್ಷದ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನ ಯೇರ್ದೆತ್ ಬಯಲಿನಲ್ಲಿ ಟಿಕೆಟ್ಟಿಲ್ಲದ ಸಂಗೀತ ಉತ್ಸವ ನಡೆಯಿತು. ಅಲ್ಲಿಂದ ಬೆಳೆದ ಚಳವಳಿಗೆ 'ಪ್ರೋಗ್' ಎಂದು ಹೆಸರು. ಅದರ ಮುಂಚೂಣಿಯಲ್ಲಿದ್ದ ತಂಡದ ಹೆಸರಿನ ಅರ್ಥ 'ಮರ, ಹುಲ್ಲು ಮತ್ತು ಕಲ್ಲುಗಳು'. ಇವರ ಮಕ್ಕಳ ತಲೆಮಾರಿನ ತಂಡ 'ತೋಪು' ಎಂದು ಹೆಸರಿಟ್ಟುಕೊಂಡದ್ದು ನನಗೆ ಬಹಳ ಹಿಡಿಸಿತು.

ಆ 'ಮರ, ಹುಲ್ಲು' ತಂಡದ ಬೂ ಆಂಡರ್ಸ್ ಪೇರ್ಸನ್ 1967ರಲ್ಲಿ ಸ್ಟಾಕ್‌ಹೋಮ್‌ಗೆ ಬಂದಿದ್ದ ಅಮೆರಿಕದ ಸಂಗೀತಗಾರ ಟೆರ‍್ರಿ ರೈಲಿಯವರಿಂದ ತುಂಬ ಪ್ರಭಾವಿತರಾದವರು. ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸಿ ಮನಸ್ಸನ್ನು ಮುಳುಗಿಸುವ ಕ್ರಮ ರೈಲಿಯವರದು. ಇದೇ ರೈಲಿ 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾನೆಯವರು, ಅಂದರೆ ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಘರಾನೆ. ರೈಲಿ ಸ್ಟಾಕ್‌ಹೋಮ್‌ಗೆ ಹೋದದ್ದು ಪ್ರಾಣನಾಥರಲ್ಲಿ ಕಲಿಯುವ ಮೊದಲು, ಹಾಗಾಗಿ ಸ್ವೀಡನ್ನಿಗೆ ಕಿರಾಣಾ ಹೋಯಿತು ಎಂದು ಹೇಳುವುದಿಲ್ಲ. ಒಂದೇ ಹಸಿವು ಎರಡು ಕಡೆ ಕರೆದೊಯ್ಯಿತು ಎಂದಷ್ಟೇ ಹೇಳಬಹುದು.

[ಗಡಿಯಾರದ ಚಿತ್ರ]

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಗಿಟಾರು ಹಲವು ಕಡೆ ರೇನೆ ಫಿಸ್ಕೆ ಅವರದು. ಇಡೀ ಕೌದಿ ಒಂದೇ ಕೈಯ ಹೊಲಿಗೆಯಾದರೆ ಇದು ನಡುವೆ ಹಾಯ್ದ ಬೇರೆ ಬಣ್ಣದ ದಾರ. ಕೆಲವು ಹಾಡುಗಳಲ್ಲಿ ಡ್ರಮ್ ಬಾರಿಸಿದವರು ಫ್ರೆಡ್ರಿಕ್ ಬ್ಯೋರ್ಲಿಂಗ್. ಎಲ್ಲ ಹಾಡುಗಳೂ ಸ್ವೀಡಿಷ್‌ನಲ್ಲಿ. 'ಅಬ್ಬಾ' (ABBA) ಎಂಬ ತಂಡ ಇಂಗ್ಲಿಷ್‌ನಲ್ಲಿ ಹಾಡಿ ಜಗತ್ತು ಗೆದ್ದ ದೇಶದಲ್ಲಿ ಇವರು ಮನೆಮಾತನ್ನು ಬಿಡಲಿಲ್ಲ. 2005ರಲ್ಲಿ ಅಮೆರಿಕದಲ್ಲಿ ಆಲ್ಬಮ್ ಬಿಡುಗಡೆಯಾದಾಗ ಒಂದು ಪದವೂ ಅರ್ಥವಾಗದ ಕೇಳುಗರು ಅದನ್ನು ಎದೆಗೆ ಹಚ್ಚಿಕೊಂಡರು. ಕನ್ನಡದಲ್ಲಿ ಹಾಡುವ ತಂಡಗಳಿಗೆ 'ಇಂಗ್ಲಿಷ್‌ನಲ್ಲಿ ಹಾಡಿ, ಹೊರಗೆ ಕೇಳುತ್ತಾರೆ' ಎಂದು ಸಲಹೆ ಕೊಡುವವರಿಗೆ ನಾನು ಈ ಆಲ್ಬಮ್ಮನ್ನು ಕಳಿಸುತ್ತೇನೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಎಲ್ಲ ವಾದ್ಯಗಳನ್ನೂ ತಾನೊಬ್ಬನೇ ನುಡಿಸಿ ಮುದ್ರಿಸಿಕೊಳ್ಳುತ್ತಿದ್ದ ಕೆವಿನ್ ಪಾರ್ಕರ್, ಅಂದರೆ 'ಟೇಮ್ ಇಂಪಾಲಾ' ಎಂಬ ಹೆಸರಿನಲ್ಲಿ ಹಾಡುವವರು, ದುಂಗೆನ್‌ನ ಪ್ರಭಾವವನ್ನು ಬಾಯ್ತುಂಬ ಹೇಳಿದ್ದಾರೆ. ದುಂಗೆನ್ ನಂತರವೂ ನಿಂತಿಲ್ಲ: 2016ರ 'ಹೆಕ್ಸಾನ್' 1926ರ ನೆರಳುಗೊಂಬೆ ಸಿನಿಮಾವೊಂದಕ್ಕೆ ಕಟ್ಟಿದ ಸಂಗೀತ, 2022ರಲ್ಲಿ ಇನ್ನೊಂದು ಆಲ್ಬಮ್ ಬಂದಿದೆ.

ಎಲ್ಲಿಂದ ಶುರು ಮಾಡಬೇಕು? 'ಪಾಂಡಾ' ಕೇಳಿ, ಆಮೇಲೆ ನಾಲ್ಕನೆಯ ಹಾಡಿಗೆ ಹೋಗಿ. ಹೆಸರಿನ ಅರ್ಥ 'ನೀನು ನನಗೆ ತೀರಾ ಚೆಂದ'. ಎಂಟು ನಿಮಿಷ ದಾಟುತ್ತದೆ, ಅವಸರ ಬೇಡ.

ಅದಾದ ಮೇಲೆ ಎಂಟು ಮತ್ತು ಒಂಬತ್ತನ್ನು ಬೆನ್ನುಬೆನ್ನಿಗೆ ಕೇಳಿ. ಎಂಟನೆಯದರ ಹೆಸರು 'ಮರೆತುಹೋದದ್ದು'. ಒಂಬತ್ತನೆಯದು ಚಿಕ್ಕ ತುಣುಕು, ಹೆಸರು ಮಾತ್ರ ಉದ್ದ, ಹಳೆಯ ಗ್ರಂಥದ ಭಾಷೆಯಲ್ಲಿದೆ: 'ಮರೆತ ಕಲೆ ಒಮ್ಮೊಮ್ಮೆ ಮರಳಿ ಮನ್ನಣೆಗೆ ಬರುತ್ತದೆ'.

[ಕೌದಿಯನ್ನು ಮಡಚುತ್ತೇನೆ. ಕ್ಯಾಸೆಟ್ಟಿನಲ್ಲಿ ಮುದ್ರಿಸಿದ ಹಲಗೆಯ ಪೆಟ್ಟು ಒಂದು ಸಲ. ಕಪ್ಪು ತೆರೆ.]