ಪುಟದ ಅಂಚಿನ ಹೆಬ್ಬೆರಳು

ಕೇಳುಗರಿಗೆ ನಮಸ್ಕಾರ.

ಪರೀಕ್ಷೆ ಹತ್ತಿರ ಬಂದಾಗ ದಾವಣಗೆರೆಯ ಯಾವುದೇ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತು ನೋಡಿ. ಹುಡುಗ ಗ್ರಂಥಾಲಯದ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ, ಬೆನ್ನು ಬಿರಿಯುವಂತೆ ಅಂಗೈಯಿಂದ ಒತ್ತುತ್ತಾನೆ. ಬೆಳಕಿನ ಪಟ್ಟಿ ಹರಿದು ಹೋಗುತ್ತದೆ, ಬಿಸಿ ಬಿಸಿ ಹಾಳೆ ಹೊರಗೆ ಬೀಳುತ್ತದೆ. ಎಂ.ಎ. ಓದುವಾಗ ನಾನು ಮಾಡಿಸಿದ ವ್ಯಾಕರಣ ಗ್ರಂಥದ ಪ್ರತಿ ಇನ್ನೂ ನನ್ನ ಬಳಿ ಇದೆ. ಅದರ ಪುಟ ಪುಟದ ಅಂಚಿನಲ್ಲೂ ಅಂಗಡಿಯವನ ಹೆಬ್ಬೆರಳಿನ ಕರಿನೆರಳು. ಪುಸ್ತಕ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಇದ್ದ ಒಂದೇ ಪ್ರತಿಯನ್ನು ಮೇಷ್ಟರು ಎರಡು ದಿನದ ಮಟ್ಟಿಗೆ ಕೊಟ್ಟಿದ್ದರು.

ಇದು ಕಳವೇ? 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ಸ್ವಂತ ಓದು ಮತ್ತು ಸಂಶೋಧನೆಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಪಾಠಕ್ಕಾಗಿ ಶಿಕ್ಷಕರು, ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಯನ್ನೂ ಒಪ್ಪುತ್ತದೆ. ಹಾಗಿದ್ದರೂ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಜೊತೆಗೆ ಅದರ ಆವರಣದ ಒಂದು ಝೆರಾಕ್ಸ್ ಅಂಗಡಿಯನ್ನೂ ಕೋರ್ಟಿಗೆ ಎಳೆದರು. ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಒಟ್ಟುಗೂಡಿಸಿ ಬೈಂಡ್ ಮಾಡಿ ಕೊಟ್ಟದ್ದೇ ಆ ಅಂಗಡಿಯ ಅಪರಾಧ. 2016ರಲ್ಲಿ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡುವುದು ತಪ್ಪಲ್ಲ ಎಂದಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಅಂಗಡಿಯವನು ಗೆದ್ದ, ಸರಿ. ಆದರೆ ತಡೆಯಾಜ್ಞೆಯ ಕೆಳಗೆ ಕಳೆದ ಸುಮಾರು ನಾಲ್ಕು ವರ್ಷವನ್ನು ಅಂಗಡಿಯವನಿಗೆ ತುಂಬಿಕೊಡುವವರು ಯಾರು?

ನನ್ನ ತಕರಾರು ಇರುವುದು ಅಲ್ಲಿ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ 63ನೇ ಕಲಂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಅಂದರೆ ರಿಯಾಯಿತಿ ಸಿಗುವುದು ಕಟಕಟೆ ಹತ್ತಿದ ಮೇಲೆ! ಇಡೀ ಪುಸ್ತಕವನ್ನೇ ಕದ್ದು ಅಚ್ಚು ಹಾಕಿಸಿ ಮಾರುವವನಿಗೆ ವಕೀಲರಿರುತ್ತಾರೆ. ಝೆರಾಕ್ಸ್ ಯಂತ್ರದ ಕಂತು ಕಟ್ಟುತ್ತಿರುವವನಿಗೆ ಒಂದು ನೋಟಿಸ್ ಬಂದರೂ ಊಟ ಸೇರುವುದಿಲ್ಲ.

ಹಾಗೆಂದು ನಾನು ಧಾರಾಳಿಯೇನಲ್ಲ. ಚಿತ್ರದುರ್ಗ ಕೋಟೆಯ ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡಗಳ ಮೇಲೆ ನಾನು ಬರೆದ ಲೇಖನವೊಂದು ಯಾವುದೋ ಸ್ಮರಣ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ನನ್ನ ಹೆಸರಿರಲಿಲ್ಲ. ನಾನು ತಪ್ಪಾಗಿ ಬರೆದಿದ್ದ ಇಸವಿ ಮಾತ್ರ ಚಾಚೂ ತಪ್ಪದೆ ಇತ್ತು. ಕೃತಿಯ ಹಕ್ಕು ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಲೇಖಕನಿಗೆ ಉಳಿಸಿದೆ. ಅದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದೇ ಸಂಪಾದಕರಿಗೆ ಫೋನ್ ಮಾಡಿದೆ.

“ಲೇಖನ ಚೆನ್ನಾಗಿತ್ತು ಸಾರ್, ಅದಕ್ಕೇ ಹಾಕಿಕೊಂಡೆವು” ಎಂದರು. ಸಿಟ್ಟು ಅರ್ಧಕ್ಕೆ ಇಳಿಯಿತು. ಒಂದು ಪ್ರತಿಯನ್ನಾದರೂ ಕಳಿಸಿ ಎಂದೆ. ಸಂಚಿಕೆ ಮುಗಿದಿತ್ತಂತೆ. ವಾರದ ನಂತರ ಅಂಚೆಯಲ್ಲಿ ಬಂದದ್ದು ನನ್ನ ಲೇಖನದ ನಾಲ್ಕು ಪುಟಗಳ ಝೆರಾಕ್ಸ್. ತಲೆಬರಹದ ಕೆಳಗೆ ನೀಲಿ ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದರು.