ದಾರಿ ಬಿಟ್ಟು ಬಂದ ಗದ್ದೆಗೊರವ

ಕೇಳುಗರಿಗೆ ನಮಸ್ಕಾರ.

ಕೆಸರಿಗೆ ಕೊಕ್ಕು ಚುಚ್ಚುತ್ತ ಓಡಾಡುವ ಬೂದುಗಂದು ಹಕ್ಕಿಗಳ ಹಿಂಡನ್ನು ದುರ್ಬೀನಿನಲ್ಲಿ ನೋಡುತ್ತಿದ್ದೀರಿ ಎನ್ನಿ. ಎಲ್ಲವೂ ಒಂದೇ ಅಚ್ಚಿನವು ಅನ್ನಿಸುತ್ತದೆ. ಅಷ್ಟರಲ್ಲಿ ಒಂದರ ಎದೆಯ ಮೇಲೆ ಕಣ್ಣು ನಿಲ್ಲುತ್ತದೆ. ಕತ್ತಿನಿಂದ ಇಳಿದ ದಟ್ಟ ಗೀರುಗಳು ಗೆರೆ ಎಳೆದಂತೆ ಥಟ್ಟನೆ ಮುಗಿದಿವೆ. ಅಲ್ಲಿಂದ ಕೆಳಗೆ ಹೊಟ್ಟೆ ಅಚ್ಚ ಬಿಳಿ. ಕಾಲಿಗೆ ಹಳದಿ ಛಾಯೆ. ಪೆಕ್ಟೋರಲ್ ಸ್ಯಾಂಡ್‌ಪೈಪರ್ ಇರಬಹುದೇ? ಗದ್ದೆಗೊರವಗಳ ಬಳಗದ ಈ ಹಕ್ಕಿ ಉತ್ತರ ಅಮೆರಿಕ ಮತ್ತು ಸೈಬೀರಿಯಾದ ಧ್ರುವಬಯಲಿನಲ್ಲಿ ಮರಿ ಮಾಡಿ, ಹೆಚ್ಚಾಗಿ ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗುತ್ತದೆ. ನಿಮ್ಮೆದುರಿನ ಕೆಸರು ಆ ದಾರಿಯಲ್ಲೇ ಇಲ್ಲ.

ಇಂಥ ದಾರಿ ತಪ್ಪುವಿಕೆಗೆ ಬಿರುಗಾಳಿ ಒಂದು ಕಾರಣ. ಇನ್ನೊಂದು, ಎಳೆಯ ಪ್ರಾಯ. ಗೊರವಗಳ ಅನೇಕ ಜಾತಿಗಳಲ್ಲಿ ಹಿರಿಯ ಹಕ್ಕಿಗಳು ಮೊದಲೇ ಹೊರಟುಬಿಡುತ್ತವೆ. ಆ ವರ್ಷದ ಮರಿಗಳು ತಡವಾಗಿ, ಹುಟ್ಟಿನಿಂದ ಬಂದ ದಿಕ್ಕಿನ ಅರಿವನ್ನೇ ನಂಬಿ ಹಾರಬೇಕು. ಆ ಅರಿವು ಸ್ವಲ್ಪ ವಾಲಿದರೂ ತಲುಪುವ ಖಂಡವೇ ಬೇರೆ, ಏಕೆಂದರೆ ಇವುಗಳ ದಮ್ಮು ಅಂಥದ್ದು. 2022ರಲ್ಲಿ ಸುಮಾರು ಐದು ತಿಂಗಳ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವವೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಕ್ರಮಿಸಿತು. ಅದು ಸರಿಯಾದ ದಿಕ್ಕಿಗೇ ಹಾರಿತ್ತು ಅನ್ನಿ.

ಅಪರೂಪದ್ದು ಎಂದು ಮನಸ್ಸು ಕುಣಿದಾಗಲೇ ಅನುಮಾನ ಪಡಬೇಕು. ಒಂಟಿ ಹಕ್ಕಿಯ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಪಕ್ಕದಲ್ಲೊಂದು ಪರಿಚಿತ ಹಕ್ಕಿ ಬರುವವರೆಗೆ ಕಾಯಿರಿ. ಕಾಲಿನ ಬಣ್ಣವನ್ನು ಮೆತ್ತಿದ ಕೆಸರು ಮುಚ್ಚಿರುತ್ತದೆ. ಎದೆಯ ಗೀರುಗಳು ಗೆರೆಯಿಲ್ಲದೆ ಮೆಲ್ಲನೆ ಮಾಸಿ, ನೆತ್ತಿ ಕೆಂಗಂದಾಗಿದ್ದರೆ ಅದು ಇದೇ ಬಳಗದ ಶಾರ್ಪ್-ಟೇಲ್ಡ್ ಸ್ಯಾಂಡ್‌ಪೈಪರ್ ಇರಬಹುದು. ರಫ್ ಹಕ್ಕಿಯೂ ಎಷ್ಟೋ ಜನರನ್ನು ಏಮಾರಿಸಿದೆ, ಆದರೆ ಅದರ ಕಾಲು ಉದ್ದ, ಎದೆಯಲ್ಲಿ ಆ ಚೂಪಾದ ಅಂಚಿಲ್ಲ. ಸಾಮಾನ್ಯ ಹಕ್ಕಿಗಳನ್ನು ಬೇಸರವಿಲ್ಲದೆ ನೋಡುತ್ತ ಬಂದವರಿಗೇ ಬೇರೆಯದು ಕಣ್ಣಿಗೆ ಬೀಳುವುದು. ಅದೃಷ್ಟದ ಮಾತು ಆಮೇಲೆ.

ಕಂಡದ್ದನ್ನು ಪುಸ್ತಕ ತೆರೆಯುವ ಮೊದಲೇ ಬರೆದಿಡಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಬಣ್ಣವನ್ನೇ ಬಳಿದುಕೊಳ್ಳುತ್ತದೆ. ಫೋಟೊ ಮಸುಕಾಗಿದ್ದರೂ ಸರಿ, ತೆಗೆಯಿರಿ. ಹಾರುವಾಗಿನ ಕೂಗನ್ನು ಮೊಬೈಲಿನಲ್ಲಿ ಹಿಡಿದರೆ ಇನ್ನೂ ಒಳ್ಳೆಯದು. ಬ್ರಿಟನ್ನಿನಲ್ಲಿ ಅಪರೂಪದ ಹಕ್ಕಿಗಳ ವರದಿಗಳನ್ನು ಒರೆಗೆ ಹಚ್ಚಲೆಂದೇ 1959ರಿಂದ ಒಂದು ಸಮಿತಿಯಿದೆ. ‘ನಾನೇ ನೋಡಿದೆ’ ಎಂಬ ಮಾತೊಂದೇ ಅಲ್ಲಿ ಸಾಲದು.

ಆದರೆ ಫೋಟೊದ ಆಸೆಗೆ ಹತ್ತಿರ ಹೋಗಬೇಡಿ. ಮೈಯ ಕೊಬ್ಬನ್ನೆಲ್ಲ ಉರಿಸಿ ಇಳಿದ ಹಕ್ಕಿಗೆ ಈಗ ತಿನ್ನುವುದೊಂದೇ ಕೆಲಸ. ಅದು ತಲೆಯೆತ್ತಿ ಸುಮ್ಮನೆ ನಿಂತರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ಕಾಲಿನಲ್ಲಿ ಸಂಶೋಧಕರು ಗುರುತಿಗೆಂದು ತೊಡಿಸಿದ ಉಂಗುರವಿದೆಯೇ ಎಂದೂ ದೂರದಿಂದಲೇ ನೋಡಿ. ಎಡಗಾಲೋ ಬಲಗಾಲೋ, ಕೀಲಿನ ಮೇಲೋ ಕೆಳಗೋ, ಯಾವ ಬಣ್ಣ, ಯಾವ ಅಕ್ಷರ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಆ ಉಂಗುರ ತೊಡಿಸಿದವರ ದಾಖಲೆಯಲ್ಲಿ ಹಕ್ಕಿ ಹೊರಟ ಊರಿನ ಹೆಸರಿರುತ್ತದೆ, ಅದು ಬಂದು ಇಳಿದ ಜಾಗದ ಹೆಸರನ್ನು ಅಲ್ಲಿ ಬರೆಸಬೇಕಾದವರು ನೀವು.