ಸ್ಕಿಜೋಫ್ರೇನಿಯಾ ಉಲ್ಬಣಿಸಿದಾಗ ಯಾವ ಔಷಧಿ?

ಕೇಳುಗರಿಗೆ ನಮಸ್ಕಾರ. ಸ್ಕಿಜೋಫ್ರೇನಿಯಾ ಉಲ್ಬಣಿಸಿ ಆಸ್ಪತ್ರೆ ಸೇರಿದವರ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಇರೋದರಲ್ಲಿ ಒಳ್ಳೇ ಔಷಧಿ ಯಾವುದು ಡಾಕ್ಟ್ರೇ?' ಕಿವಿಯಲ್ಲಿ ಕೇಳಿಸುವ ದನಿ, ಸಂಶಯ, ಭ್ರಮೆ ಇಳಿಸುವುದರಲ್ಲಿ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾನ್ಜಪಿನ್ ಹೆಚ್ಚುಕಡಿಮೆ ಒಂದೇ ಮಟ್ಟದವು. ಅವು ಬೇರೆಯಾಗುವುದು ಅಡ್ಡಪರಿಣಾಮದಲ್ಲಿ.

ಮೊದಲ ರಾತ್ರಿಯ ಲೆಕ್ಕ ಬೇರೆ. ರೋಗಿ ಕೆರಳಿದ್ದು ಮಾತ್ರೆ ಬೇಡವೆಂದರೆ ಹ್ಯಾಲೊಪೆರಿಡಾಲ್ 5ರಿಂದ 10 ಮಿಲಿಗ್ರಾಂ, ಜೊತೆಗೆ ಪ್ರೊಮೆಥಜಿನ್ 25ರಿಂದ 50 ಮಿಲಿಗ್ರಾಂ ಸ್ನಾಯುವಿಗೆ ಚುಚ್ಚುತ್ತಾರೆ. ಬರೀ ಹ್ಯಾಲೊಪೆರಿಡಾಲ್ ಕೊಟ್ಟರೆ ಕತ್ತು ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದುಂಟು. ಈ ಜೋಡಿಯ ಜೊತೆ ಒಲಾನ್ಜಪಿನ್ ಇಂಜೆಕ್ಷನ್ ಹೋಲಿಸಿ ವೆಲ್ಲೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಲಾನ್ಜಪಿನ್ನೂ ರೋಗಿಗಳನ್ನು ಬೇಗ ಶಾಂತಗೊಳಿಸಿತು. ಆದರೆ ನಾಲ್ಕು ಗಂಟೆಯೊಳಗೆ ಮತ್ತೆ ಔಷಧಿ ಬೇಕಾದವರು ಒಲಾನ್ಜಪಿನ್ ಗುಂಪಿನಲ್ಲೇ ಹೆಚ್ಚು. ಒಲಾನ್ಜಪಿನ್ ಚುಚ್ಚಿದ ಬೆನ್ನಿಗೇ ಮಂಪರು ತರಿಸುವ ಲೊರಾಜೆಪಾಮ್ ಚುಚ್ಚಬಾರದು, ಉಸಿರು ಮತ್ತು ರಕ್ತದೊತ್ತಡ ಕುಸಿಯಬಹುದು.

ಆಮೇಲೆ ಮಾತ್ರೆ. ರಿಸ್ಪೆರಿಡೋನ್ ದಿನಕ್ಕೆ 2ರಿಂದ ಶುರುವಾಗಿ ಸಾಮಾನ್ಯವಾಗಿ 4ರಿಂದ 6 ಮಿಲಿಗ್ರಾಂಗೆ ನಿಲ್ಲುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಎದೆಹಾಲು ಒಸರಬಹುದು. ಒಲಾನ್ಜಪಿನ್ ದಿನಕ್ಕೆ 10ರಿಂದ 20 ಮಿಲಿಗ್ರಾಂ. ನಿದ್ದೆ ಬರುತ್ತದೆ, ಹಸಿವೂ ಬರುತ್ತದೆ, ವಾರ್ಡಿನಲ್ಲಿ ಎಲ್ಲರಿಗೂ ಖುಷಿ. ತೂಕ, ಸಕ್ಕರೆ ಏರುವುದು ಮನೆಗೆ ಹೋದ ಮೇಲೂ ಮುಂದುವರಿಯುತ್ತದೆ. ಅದಕ್ಕೇ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಶುರುವಿನಲ್ಲೇ ಬರೆದಿಡಬೇಕು. ಅರಿಪಿಪ್ರಜೋಲ್ ಎಂಬ ಇನ್ನೊಂದು ಮಾತ್ರೆ ತೂಕದ ವಿಷಯದಲ್ಲಿ ಸೌಮ್ಯ, ಆದರೆ ಚಡಪಡಿಕೆ ತರಬಹುದು.

ಈ ಚಡಪಡಿಕೆಯಲ್ಲೇ ವಾರ್ಡುಗಳು ಎಡವುವುದು. ಅಕಥೀಸಿಯಾ ಎನ್ನುತ್ತಾರೆ. ರೋಗಿ ಕೂರಲಾರರು, ನಿಂತಲ್ಲೇ ಕಾಲು ಬದಲಿಸುತ್ತಾರೆ. ರೋಗ ಹೆಚ್ಚಾಯಿತೆಂದು ಡೋಸ್ ಏರಿಸಿದರೆ ಚಡಪಡಿಕೆಯೂ ಏರುತ್ತದೆ. 'ಒಳಗೆ ತಡೆಯೋಕಾಗದ ಹಾಗೆ ಆಗ್ತಿದೆಯಾ, ಕಾಲಲ್ಲಾ?' ಎಂದು ಕೇಳಿದರೆ ರೋಗಿಯೇ ಹೇಳುತ್ತಾರೆ. ಡೋಸ್ ಇಳಿಸುವುದು, ಅಸ್ತಮಾ ಇಲ್ಲದವರಿಗೆ ಪ್ರೊಪ್ರಾನೊಲಾಲ್ ಕೊಡುವುದು ದಾರಿ. ಹಾಗೆ ನೋಡಿದರೆ ಡೋಸ್ ಏರಿಸುವ ಆತುರವೇ ತಪ್ಪು: ಈ ಔಷಧಿಗಳು ತಡೆಯುವ ಮಿದುಳಿನ ಡೋಪಮಿನ್ ಗ್ರಾಹಕಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚು ಮುಚ್ಚಿಹೋದರೆ ಮೈ ಬಿಗಿತ, ನಡುಕ ಹೆಚ್ಚುತ್ತವೆ, ಭ್ರಮೆ ಬೇಗ ಇಳಿಯುವುದಿಲ್ಲ. ಬಿಗಿತದ ಜೊತೆ ಜೋರು ಜ್ವರ, ಗೊಂದಲ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ತುರ್ತುಚಿಕಿತ್ಸೆ.

ಎರಡು ಔಷಧಿಗಳನ್ನು ಸರಿಯಾದ ಡೋಸಿನಲ್ಲಿ ತಲಾ ಆರು ವಾರ ಕೊಟ್ಟೂ ಇಳಿಯದಿದ್ದರೆ ಕ್ಲೋಜಪಿನ್. ಇದೊಂದು ನಿಜಕ್ಕೂ ಉಳಿದವಕ್ಕಿಂತ ಮೇಲು. 12.5 ಮಿಲಿಗ್ರಾಂನಿಂದ ಶುರು. ಬಿಳಿ ರಕ್ತಕಣ ಕುಸಿಯುವ ಭಯವಿರುವುದರಿಂದ ಮೊದಲ 18 ವಾರ, ವಾರವಾರವೂ ರಕ್ತ ಪರೀಕ್ಷೆ.

ಇನ್ನೊಂದು, ಬೀಡಿ ಸಿಗರೇಟಿನ ಹೊಗೆ ಒಲಾನ್ಜಪಿನ್, ಕ್ಲೋಜಪಿನ್ ಎರಡನ್ನೂ ರಕ್ತದಲ್ಲಿ ತಗ್ಗಿಸುತ್ತದೆ. ವಾರ್ಡಿನಲ್ಲಿ ಸೇದದೆ ಸರಿಹೋದ ಡೋಸ್, ಮನೆಗೆ ಹೋಗಿ ಸೇದತೊಡಗಿದರೆ ಸಾಲದೇ ಹೋಗಬಹುದು. ದಿನಕ್ಕೆ ಎಷ್ಟು ಸೇದುತ್ತಿದ್ದರೆಂದು ಡಿಸ್ಚಾರ್ಜ್‌ಗೆ ಮುಂಚೆಯೇ ವೈದ್ಯರಿಗೆ ಹೇಳಿ.